ದೊಡ್ಡ ಆರ್‌ವಿಗೆ ಬೆಟ್ಟದ ದಾರಿ ಆರಿಸುವುದು ಹೇಗೆ? ಅಮೆರಿಕದ ರಾಕಿ, ಸಿಯೆರಾ ಬೆಟ್ಟಗಳ ಕಡೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಊರಿಂದ ಅಪ್ಪ ಅಮ್ಮ ಬಂದಾಗ ಆರ್‌ವಿ (ಒಳಗೇ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ದೊಡ್ಡ ಗಾಡಿ) ಬಾಡಿಗೆಗೆ ತೆಗೆದುಕೊಂಡು ಯೆಲ್ಲೋಸ್ಟೋನ್, ಯೊಸೆಮಿಟಿ, ಕೊಲರಾಡೊ ಕಡೆ ಹೊರಡುವ ಕನ್ನಡಿಗರು ಪದೇ ಪದೇ ಎಡವುವುದು ಒಂದೇ ಕಡೆ. ಕಾರಿಗೆ ದಾರಿ ಹುಡುಕುವ ಹಾಗೆಯೇ ಆರ್‌ವಿಗೂ ಹುಡುಕುತ್ತಾರೆ. ಫೋನಿನಲ್ಲಿ ಊರಿನ ಹೆಸರು ಹಾಕುತ್ತಾರೆ, ಕಡಿಮೆ ಸಮಯ ತೋರಿಸುವ ನೀಲಿ ಗೆರೆ ಹಿಡಿದು ಹೊರಟುಬಿಡುತ್ತಾರೆ. ಆಮೇಲೆ ಘಾಟಿಯ ನಡುವೆ, ಗಾಡಿ ತಿರುಗಿಸಲು ಜಾಗವೇ ಇಲ್ಲದ ಕಡೆ, ಉದ್ದ ವಾಹನಗಳಿಗೆ ಮುಂದೆ ಪ್ರವೇಶವಿಲ್ಲ ಎಂಬ ಫಲಕ ಎದುರಾಗುತ್ತದೆ.

ಈ ಬರಹ 25ರಿಂದ 35 ಅಡಿ ಉದ್ದದ ಗಾಡಿ ಓಡಿಸುವವರಿಗೆ. ಹಂತಗಳ ಕ್ರಮ ಬದಲಿಸಬೇಡಿ. ಮೊದಲು ಗಾಡಿಯ ಅಳತೆ ಮತ್ತು ತೂಕ, ನಂತರ ನಿಷೇಧಗಳು, ಆಮೇಲೆ ಇಳಿಜಾರು. ಎಷ್ಟು ಗಂಟೆ ಹಿಡಿಯುತ್ತದೆ ಎಂಬುದು ಎಲ್ಲಕ್ಕಿಂತ ಕೊನೆಗೆ. ನಿಮ್ಮ ದಾರಿ 400 ಮೈಲಿ ಇರಬಹುದು. ಅದು ನಿಮ್ಮ ಗಾಡಿಗೆ ಸರಿಯೋ ಅಲ್ಲವೋ ಎಂಬುದನ್ನು ಹೇಳುವುದು ಅದರ ಅತಿ ಕಷ್ಟದ ಐದಾರು ಮೈಲಿ. ಆ ಐದಾರು ಮೈಲಿ ಎಲ್ಲಿವೆ ಎಂದು ಮನೆಯಲ್ಲಿ ಕುಳಿತೇ ಪತ್ತೆ ಮಾಡಬೇಕು.

ಬೇಕಾಗುವ ಸಾಮಾನು

25 ಅಡಿಯ ಅಳತೆ ಟೇಪು, ಟೈರಿನ ಗಾಳಿ ಅಳೆಯುವ ಗೇಜು, ಕಾಗದ, ಪೆನ್ನು. ಗಾಡಿಯ ಎತ್ತರ, ಉದ್ದ, ತೂಕ ಕೇಳಿ ದಾರಿ ಹೇಳುವ ಆರ್‌ವಿ ಜಿಪಿಎಸ್ ಅಥವಾ ಆ್ಯಪ್ ಒಂದು ಬೇಕು. ಗಾರ್ಮಿನ್ ಆರ್‌ವಿ ಮಾದರಿಗಳು, ಆರ್‌ವಿ ಲೈಫ್ ಆ್ಯಪ್ ಈ ಬಗೆಯವು. ಫೋನಿನ ಸಾಮಾನ್ಯ ಗೂಗಲ್ ಮ್ಯಾಪ್ಸ್ ನಿಮ್ಮ ಗಾಡಿ ಎಷ್ಟು ಎತ್ತರ ಎಂದು ಕೇಳುವುದೇ ಇಲ್ಲ. ಹಾಗಾಗಿ ಕೊನೆಯ ಮಾತು ಅದರದ್ದಾಗಬಾರದು.

ಕಾಗದದ ಮೇಲೆ ಎರಡು ವಸ್ತು ಇದ್ದರೆ ಒಳ್ಳೆಯದು. ಒಂದು, ಟ್ರಕ್ ಚಾಲಕರಿಗೆಂದು ರ‍್ಯಾಂಡ್ ಮೆಕ್‌ನ್ಯಾಲಿ ಹೊರತರುವ ರಸ್ತೆ ಅಟ್ಲಾಸ್. ಅದರಲ್ಲಿ ಕಡಿಮೆ ಎತ್ತರದ ಸೇತುವೆಗಳ ಪಟ್ಟಿ ಇರುತ್ತದೆ. ಇನ್ನೊಂದು, ಬೆಟ್ಟದ ಇಳಿಜಾರುಗಳನ್ನೇ ರಾಜ್ಯವಾರು ಪಟ್ಟಿ ಮಾಡಿರುವ ಮೌಂಟನ್ ಡೈರೆಕ್ಟರಿ. ಬೆಟ್ಟದಲ್ಲಿ ಬಹಳ ಕಡೆ ಸಿಗ್ನಲ್ ಇರುವುದಿಲ್ಲ. ಆಗ ಉಪಯೋಗಕ್ಕೆ ಬರುವುದು ಈ ಕಾಗದವೇ.

ಹಂತ 1: ಗಾಡಿಯನ್ನು ನೀವೇ ಅಳೆಯಿರಿ

ಬಾಡಿಗೆ ಕಂಪನಿ "25 ಅಡಿ", "30 ಅಡಿ" ಎಂದು ಹೇಳುವುದು ಮಾದರಿಯ ಹೆಸರು ಅಷ್ಟೇ ಎಂದುಕೊಳ್ಳಿ. ನಿಮಗೆ ಬೇಕಾದದ್ದು ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗಿನ ಅಳತೆ. ಹಿಂದೆ ಏಣಿ, ಸೈಕಲ್ ಸ್ಟ್ಯಾಂಡ್ ಇದ್ದರೆ ಅದೂ ಸೇರಬೇಕು.

ಎತ್ತರವನ್ನು ನೆಲದಿಂದ ಛಾವಣಿಯ ಎ.ಸಿ. ಪೆಟ್ಟಿಗೆಯ ತುದಿಯವರೆಗೆ ನೋಡಿ. ಸಾಮಾನ್ಯವಾಗಿ ಅದೇ ಗಾಡಿಯ ಅತಿ ಎತ್ತರದ ಭಾಗ. ಡ್ರೈವರ್ ಸೀಟಿನ ಮೇಲೆ ಮಂಚ ಇರುವ ಬಾಡಿಗೆಯ ಕ್ಲಾಸ್ ಸಿ ಗಾಡಿಗಳು ಸಾಮಾನ್ಯವಾಗಿ 12 ಅಡಿಯ ಆಸುಪಾಸಿನಲ್ಲಿರುತ್ತವೆ. ಬಸ್ಸಿನ ಆಕಾರದ ಕ್ಲಾಸ್ ಎ ಇನ್ನೂ ಎತ್ತರ. ಅಗಲವನ್ನು ಎರಡು ಸಲ ಅಳೆಯಿರಿ: ಬಾಡಿಯದ್ದು ಒಮ್ಮೆ, ಪಕ್ಕದ ಕನ್ನಡಿಗಳನ್ನು ಸೇರಿಸಿ ಇನ್ನೊಮ್ಮೆ. ಕೆಲವು ಪಾರ್ಕ್‌ಗಳ ನಿಯಮ ಕನ್ನಡಿ ಸೇರಿಸಿಯೇ ಲೆಕ್ಕ ಹಾಕುತ್ತದೆ.

ಹಿಂದಿನ ಚಕ್ರದ ಅಚ್ಚಿನಿಂದ ಗಾಡಿಯ ಬಾಲದ ತುದಿಯವರೆಗಿನ ಅಳತೆಯನ್ನು ಬಹುಪಾಲು ಜನ ಬರೆದುಕೊಳ್ಳುವುದೇ ಇಲ್ಲ. ಬಲಕ್ಕೆ ತಿರುಗಿಸಿದರೆ ಈ ಬಾಲ ಎಡಕ್ಕೆ ಬೀಸುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಎದುರಿನ ಗಾಡಿಗೋ, ಪಕ್ಕದ ಬಂಡೆಗೋ ತಾಗುವುದು ಇದೇ ಭಾಗ. ಬಾಲ ಉದ್ದವಿದ್ದಷ್ಟೂ ಕಿರಿದಾದ ತಿರುವಿನ ರಸ್ತೆಗಳನ್ನು ಪಟ್ಟಿಯಿಂದ ತೆಗೆಯಬೇಕಾಗುತ್ತದೆ.

ಈ ಅಳತೆಗಳನ್ನು ಅಡಿ-ಅಂಗುಲದಲ್ಲಿ ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ಕೆನಡಾದ ಕಡೆಗೂ ಹೋಗುವುದಿದ್ದರೆ ಮೀಟರಿನಲ್ಲೂ ಬರೆಯಿರಿ. 12 ಅಡಿ ಎಂದರೆ 3.66 ಮೀಟರ್. ಸೇತುವೆಯ ಫಲಕ ಕಂಡ ಮೇಲೆ ತಲೆಯಲ್ಲಿ ಲೆಕ್ಕ ಹಾಕುತ್ತ ಕೂರಲು ಆಗುವುದಿಲ್ಲ.

ಹಂತ 2: ತೂಕ ನೋಡಿ

ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಗಾಡಿಯ ಗರಿಷ್ಠ ತೂಕ ಇರುತ್ತದೆ. ಬಾಡಿಗೆಗೆ ಹೆಚ್ಚಾಗಿ ಸಿಗುವ ಫೋರ್ಡ್ ಇ-450 ಚಾಸಿಗೆ ಅದು 14,500 ಪೌಂಡ್. ಜನ ಮತ್ತು ಸಾಮಾನು ಸೇರಿ ಎಷ್ಟು ಹೇರಬಹುದು ಎಂಬ ಇನ್ನೊಂದು ಸ್ಟಿಕ್ಕರೂ ಇರುತ್ತದೆ. ಎರಡನ್ನೂ ಫೋಟೊ ತೆಗೆದಿಟ್ಟುಕೊಳ್ಳಿ.

ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಸುಮಾರು 150 ಕಿಲೊ. ಅದರ ಮೇಲೆ ಆರೇಳು ಜನ, ಸೂಟ್‌ಕೇಸುಗಳು, ಅಕ್ಕಿ ಮೂಟೆ, ಕುಕ್ಕರ್, ಕೊಳಚೆ ನೀರಿನ ಟ್ಯಾಂಕ್. ಎಲ್ಲ ತುಂಬಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಸ್ಕೇಲಿಗೆ ಹೋಗಿ ಒಮ್ಮೆ ತೂಗಿಸಿ. ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡರ ತೂಕವನ್ನೂ ಬೇರೆ ಬೇರೆಯಾಗಿ ಕೊಡುತ್ತಾರೆ. ಗರಿಷ್ಠ ತೂಕದ ಹತ್ತಿರ ಇದ್ದೀರಿ ಎಂದಾದರೆ ಘಾಟಿ ಹತ್ತುವ ಮೊದಲು ಕೊಳಚೆ ಟ್ಯಾಂಕ್ ಖಾಲಿ ಮಾಡಿ, ಕುಡಿಯುವ ನೀರನ್ನು ಅಗತ್ಯಕ್ಕೆ ತಕ್ಕಷ್ಟೇ ಇಟ್ಟುಕೊಳ್ಳಿ. ಇಳಿಯುವಾಗ ಬ್ರೇಕು ತಡೆದು ನಿಲ್ಲಿಸಬೇಕಾದದ್ದು ಈ ಒಟ್ಟು ತೂಕವನ್ನೇ ಅಲ್ವಾ?

ಹಂತ 3: ನಿಮ್ಮ ಗಾಡಿಗೆ ಪ್ರವೇಶವೇ ಇಲ್ಲದ ದಾರಿಗಳನ್ನು ಮೊದಲು ಹೊಡೆದುಹಾಕಿ

ಕಾನೂನು ಪ್ರಕಾರ ಹೋಗಲಾಗದ ರಸ್ತೆಯ ಇಳಿಜಾರು ನೋಡುತ್ತ ಕೂರುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಈ ಹಂತ ಮೊದಲು. ನೀವು ಹೋಗಬೇಕೆಂದಿರುವ ಪ್ರತಿ ರಾಷ್ಟ್ರೀಯ ಉದ್ಯಾನದ ಅಧಿಕೃತ ಪುಟದಲ್ಲಿ ವಾಹನದ ಅಳತೆಯ ಮಿತಿಗಳನ್ನು ಓದಿ. ಹೆಚ್ಚು ಜನ ಸಿಕ್ಕಿಬೀಳುವ ಜಾಗಗಳು ಇವು.

ಮೊಂಟಾನಾದ ಗ್ಲೇಸಿಯರ್ ಪಾರ್ಕಿನ ಗೋಯಿಂಗ್-ಟು-ದ-ಸನ್ ರಸ್ತೆ. ಇಲ್ಲಿ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಅಂದರೆ ಬಾಡಿಗೆಯ ಯಾವ ಕ್ಲಾಸ್ ಸಿ ಗಾಡಿಯೂ ಲೋಗನ್ ಪಾಸ್ (ಪಾಸ್ ಎಂದರೆ ರಸ್ತೆ ಬೆಟ್ಟ ದಾಟುವ ಎತ್ತರದ ಜಾಗ) ದಾಟುವಂತಿಲ್ಲ. ಪಾರ್ಕಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ದಕ್ಷಿಣದ ಯುಎಸ್ 2 ಹೆದ್ದಾರಿ ಹಿಡಿಯಿರಿ. ಅದರ ಮರಿಯಾಸ್ ಪಾಸ್ 5,213 ಅಡಿ ಎತ್ತರದಲ್ಲಿದೆ, ಲೋಗನ್ ಪಾಸ್‌ಗಿಂತ 1,400 ಅಡಿ ಕೆಳಗೆ. ಮೇಲಿನ ನೋಟ ನೋಡಲೇಬೇಕೆಂದರೆ ಆರ್‌ವಿಯನ್ನು ಕ್ಯಾಂಪ್‌ಗ್ರೌಂಡಿನಲ್ಲಿ ಬಿಟ್ಟು ಪಾರ್ಕಿನ ಶಟಲ್ ಬಸ್ಸಿನಲ್ಲಿ ಹೋಗಿಬನ್ನಿ.

ಯೂಟಾದ ಝಯಾನ್ ಪಾರ್ಕಿನ ಸುರಂಗ. 1930ರಲ್ಲಿ ತೆರೆದ ಇದು 1.1 ಮೈಲಿ ಉದ್ದವಿದೆ. 11 ಅಡಿ 4 ಅಂಗುಲಕ್ಕಿಂತ ಎತ್ತರದ ಅಥವಾ 7 ಅಡಿ 10 ಅಂಗುಲಕ್ಕಿಂತ ಅಗಲದ ಗಾಡಿಗಳು ಶುಲ್ಕ ಕಟ್ಟಿದರೆ ಎದುರಿನ ವಾಹನಗಳನ್ನು ತಡೆದು, ಸುರಂಗದ ನಡುವೆಯೇ ಓಡಿಸಿ ದಾಟಿಸುವ ವ್ಯವಸ್ಥೆ ಬಹಳ ಕಾಲ ಇತ್ತು. ಹಳೆಯ ಪ್ರವಾಸ ಬರಹಗಳಲ್ಲಿ ಇದನ್ನೇ ಓದುತ್ತೀರಿ. 2026ರ ಮಧ್ಯದಿಂದ ದೊಡ್ಡ ವಾಹನಗಳಿಗೆ ಈ ಬೆಟ್ಟದ ಹೆದ್ದಾರಿಯನ್ನೇ ಮುಚ್ಚುವುದಾಗಿ ಪಾರ್ಕ್ ಪ್ರಕಟಿಸಿದೆ. ಝಯಾನ್‌ನಿಂದ ಬ್ರೈಸ್ ಕಡೆ ಹೋಗುವವರು ಹರಿಕೇನ್, ಫ್ರೆಡೋನಿಯಾ, ಕನಾಬ್ ಸುತ್ತಿ ಹೋಗುವ ಲೆಕ್ಕ ಇಟ್ಟುಕೊಳ್ಳಿ.

ಕೊಲರಾಡೊದ ಇಂಡಿಪೆಂಡೆನ್ಸ್ ಪಾಸ್. ಆಸ್ಪೆನ್‌ಗೆ ಹೋಗುವ ಹೆದ್ದಾರಿ 82ರಲ್ಲಿ 12,095 ಅಡಿ ಎತ್ತರದಲ್ಲಿದೆ. 35 ಅಡಿಗಿಂತ ಉದ್ದದ ವಾಹನಕ್ಕೆ ನಿಷೇಧ. ನಿಮ್ಮದು 31 ಅಡಿ ಇದ್ದರೆ ಕಾನೂನು ಬಿಡುತ್ತದೆ, ಆದರೂ ಹೋಗಬೇಡಿ. ಕೆಲವು ಕಡೆ ನಡುಗೆರೆಯೂ ಇಲ್ಲದಷ್ಟು ಕಿರಿದಾದ ರಸ್ತೆ ಅದು.

ಸೌತ್ ಡಕೋಟಾದ ನೀಡಲ್ಸ್ ಹೈವೇ. ಮೌಂಟ್ ರಶ್‌ಮೋರ್ ನೋಡಿ ಹಾಗೇ ಒಂದು ಸುತ್ತು ಹೋಗೋಣ ಎಂದು ಹೊರಡುವವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ನೀಡಲ್ಸ್ ಐ ಸುರಂಗದ ಅಗಲವೇ ಸುಮಾರು 8 ಅಡಿ. ನಿಮ್ಮ ಗಾಡಿ ಅದರೊಳಗೆ ಹಿಡಿಸುವುದಿಲ್ಲ.

ಯೂಟಾದ ಮೋಕಿ ಡಗ್‌ವೇ. ಮಾನ್ಯುಮೆಂಟ್ ವ್ಯಾಲಿಯ ಹತ್ತಿರ ಹೆದ್ದಾರಿ 261ರಲ್ಲಿ ಸುಮಾರು 3 ಮೈಲಿ ಡಾಂಬರಿಲ್ಲದ, ಶೇ 11ರ ಇಳಿಜಾರು. ನಕ್ಷೆಯಲ್ಲಿ ರಾಜ್ಯ ಹೆದ್ದಾರಿ ಎಂದೇ ಕಾಣುವುದರಿಂದ ಮೋಸ ಹೋಗುವುದು ಸುಲಭ. ಬಾಡಿಗೆ ಕರಾರನ್ನೂ ಇಲ್ಲೇ ಒಮ್ಮೆ ಓದಿಬಿಡಿ. ಮಣ್ಣಿನ ರಸ್ತೆಗೆ ಇಳಿಸಬಾರದು ಎಂಬ ಷರತ್ತು ಅನೇಕ ಕರಾರುಗಳಲ್ಲಿರುತ್ತದೆ. ಅದನ್ನು ಮುರಿದ ಮೇಲೆ ಏನಾದರೂ ಆದರೆ ಖರ್ಚೆಲ್ಲ ನಿಮ್ಮ ತಲೆಗೇ ಬರಬಹುದು.

ನಿಷೇಧ ಮತ್ತು ಸಲಹೆ ಬೇರೆ ಬೇರೆ ಎಂಬುದು ನೆನಪಿರಲಿ. ಕ್ಯಾಲಿಫೋರ್ನಿಯಾದ ಸೆಕ್ವೋಯಾದಲ್ಲಿ ಪೊಟ್ವಿಷಾದಿಂದ ಜೈಂಟ್ ಫಾರೆಸ್ಟ್ ಮ್ಯೂಸಿಯಂವರೆಗೆ 22 ಅಡಿಗಿಂತ ಉದ್ದದ ಗಾಡಿ ಬೇಡ ಎಂದು ಪಾರ್ಕ್ ಸಲಹೆ ಕೊಡುತ್ತದೆ. ಸೊನೋರಾ ಪಾಸ್‌ನಲ್ಲಿ 25 ಅಡಿ ದಾಟಿದವರಿಗೆ ಇಂಥದ್ದೇ ಎಚ್ಚರಿಕೆ ಇದೆ. ಅಲ್ಲಿ ಶೇ 26ರ ಇಳಿಜಾರಿನ ಫಲಕವೇ ನಿಂತಿದೆ. "ಸಲಹೆ ತಾನೇ, ಹೋಗಬಹುದು" ಎಂದು ಓದಿಕೊಳ್ಳಬೇಡಿ. ದೊಡ್ಡ ಗಾಡಿಗೆ ಸಲಹೆಯನ್ನೂ ನಿಷೇಧವೆಂದೇ ಓದಬೇಕು.

ಹಂತ 4: ಇಳಿಜಾರನ್ನು ಓದಲು ಕಲಿಯಿರಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಎಲ್ಲರ ಚಿಂತೆ ಗಾಡಿ ಹತ್ತುತ್ತದೆಯೇ ಎಂಬುದು. ಗಾಡಿ ನಿಧಾನವಾಗಿಯಾದರೂ ಹತ್ತುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 11,000 ಅಡಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಗಿರುತ್ತದೆ. ಗಂಟೆಗೆ 35 ಮೈಲಿಯಲ್ಲಿ ತೆವಳುತ್ತ ಹೋಗುತ್ತೀರಿ, ಅಷ್ಟೇ. ಅಪಾಯ ಇರುವುದು ಇಳಿಯುವಾಗ. ದಾರಿ ಆರಿಸುವಾಗ ಇಳಿಯುವ ಕಡೆಯನ್ನೇ ಮೊದಲು ನೋಡಿ.

ಶೇ 6ರ ಇಳಿಜಾರು ಎಂದರೆ 100 ಅಡಿ ಮುಂದೆ ಹೋದಾಗ 6 ಅಡಿ ಕೆಳಗಿಳಿಯುವುದು. ಮನೆಯಲ್ಲಿ ಲೆಕ್ಕ ಹಾಕಲು ಸುಲಭದ ಅಂದಾಜು ಹೀಗಿದೆ: ಒಂದು ಮೈಲಿಯಲ್ಲಿ 300 ಅಡಿ ಇಳಿದರೆ ಅದು ಶೇ 6ರ ಹತ್ತಿರ. 400 ಇಳಿದರೆ ಶೇ 7.5. 500 ದಾಟಿದರೆ ಶೇ 10ರ ಹತ್ತಿರ. ಎತ್ತರದ ಅಂಕಿಗಳನ್ನು ಗೂಗಲ್ ಅರ್ಥ್‌ನಲ್ಲಿ ನೋಡಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಆ ತುಣುಕಿಗೆ ಸೈಕಲ್ ದಾರಿ ಕೇಳಿದರೆ ಏರಿಳಿತದ ಚಿತ್ರವೂ ಬರುತ್ತದೆ. ಅದು ತೋರಿಸುತ್ತಿರುವುದು ನಿಮ್ಮ ರಸ್ತೆಯನ್ನೇ ತಾನೇ ಎಂದು ಖಚಿತ ಮಾಡಿಕೊಳ್ಳಿ.

ಸರಾಸರಿಯನ್ನು ನಂಬಬೇಡಿ. ಯೊಸೆಮಿಟಿಯ ಟಿಯೋಗಾ ಪಾಸ್ 9,943 ಅಡಿ. ಅಲ್ಲಿಂದ ಪೂರ್ವಕ್ಕೆ ಲೀ ವೈನಿಂಗ್‌ವರೆಗೆ ಸುಮಾರು 12 ಮೈಲಿಯಲ್ಲಿ 3,000 ಅಡಿಗೂ ಹೆಚ್ಚು ಇಳಿಯಬೇಕು. ಭಾಗಿಸಿದರೆ ಶೇ 5 ಬರುತ್ತದೆ, ಪರವಾಗಿಲ್ಲ ಎನಿಸುತ್ತದೆ. ಅದೇ ದಾರಿಯ ನಡುವೆ ಶೇ 8ರ ಉದ್ದ ತುಣುಕು ಇದೆ. ಬ್ರೇಕ್ ಕಾಯುವುದು ಆ ತುಣುಕಿನಲ್ಲಿ. ಹಾಗಾಗಿ ಮೈಲಿ ಮೈಲಿಗೆ ಒಡೆದು ನೋಡಿ.

ಪ್ರತಿ ಇಳಿಜಾರಿಗೂ ಮೂರು ಸಂಗತಿ ಬರೆದುಕೊಳ್ಳಿ. ಎಷ್ಟು ಶೇಕಡಾ, ಎಷ್ಟು ಮೈಲಿ ಒಂದೇ ಸಮನೆ, ಕೊನೆಯಲ್ಲಿ ಏನಿದೆ. ಶೇ 8 ಅರ್ಧ ಮೈಲಿ ಇದ್ದು ಆಮೇಲೆ ಸಮತಟ್ಟು ಬಂದರೆ ತೊಂದರೆ ಕಡಿಮೆ. ಶೇ 6 ಏಳು ಮೈಲಿ ಬಿಡುವಿಲ್ಲದೆ ಇದ್ದರೆ ಅದೇ ಹೆಚ್ಚು ಕಷ್ಟ. ಇಳಿಜಾರಿನ ಕೊನೆಯಲ್ಲಿ ಊರಿನ ಸಿಗ್ನಲ್ ದೀಪ ಅಥವಾ ತೀರಾ ಬಾಗಿದ ತಿರುವು ಇದ್ದರೆ ಕೆಂಪು ಗುರುತು ಹಾಕಿ. ಬ್ರೇಕ್ ಅತಿ ಹೆಚ್ಚು ಬಿಸಿಯಾಗಿರುವ ಹೊತ್ತಿಗೇ ಅಲ್ಲಿ ನಿಲ್ಲಿಸಬೇಕಾಗಿ ಬರುತ್ತದೆ.

ಅಂತರರಾಜ್ಯ ಹೆದ್ದಾರಿ ಎಂದ ಮಾತ್ರಕ್ಕೆ ಹಗುರವಾಗಿ ತೆಗೆದುಕೊಳ್ಳಬೇಡಿ. ಐ-70ರ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಸಿಲ್ವರ್‌ಥಾರ್ನ್ ಕಡೆಗಿನ ಇಳಿಜಾರಿನಲ್ಲಿ ಬ್ರೇಕ್ ತಪ್ಪಿದ ಟ್ರಕ್‌ಗಳಿಗೆಂದೇ ಜಲ್ಲಿಯ ರ‍್ಯಾಂಪ್‌ಗಳಿವೆ. ಡೆನ್ವರ್ ಕಡೆ ಇಳಿಯುವಾಗ, ಬೆಟ್ಟ ಮುಗಿಯಿತು ಎನಿಸುವ ಜಾಗದಲ್ಲಿ, ಮೋಸ ಹೋಗಬೇಡಿ, ಇನ್ನೂ 4 ಮೈಲಿ ಕಡಿದಾದ ಇಳಿಜಾರು ಇದೆ ಎಂದು ಟ್ರಕ್ ಚಾಲಕರಿಗೆ ಫಲಕ ಹಾಕಿದ್ದಾರೆ. ಆ ಫಲಕ ನಿಮಗೂ ಸೇರಿದ್ದು. ಇಷ್ಟೆಲ್ಲ ಇದ್ದರೂ ಅಗಲವಾದ ಲೇನು, ಗಟ್ಟಿ ತಡೆಗೋಡೆ, ನಿಧಾನ ವಾಹನಕ್ಕೆ ಬಲಗಡೆ ಜಾಗ, ರ‍್ಯಾಂಪ್ ಇರುವ ಐ-70 ನಿಮಗೆ ಒಳ್ಳೆಯ ಆಯ್ಕೆಯೇ. ಕಡಿದಾದ ಅಗಲ ರಸ್ತೆಗಿಂತ ಕಡಿದಾದ ಕಿರಿದು ರಸ್ತೆ ಹೆಚ್ಚು ಅಪಾಯ.

ಹಂತ 5: ಎರಡು ದಾರಿ ಪಕ್ಕಪಕ್ಕ ಇಟ್ಟು ಆರಿಸಿ

ಉಳಿದ ದಾರಿಗಳಲ್ಲಿ ಕನಿಷ್ಠ ಎರಡನ್ನು ಹೋಲಿಸಿ. ಒಂದೇ ದಾರಿ ಇಟ್ಟುಕೊಂಡರೆ ಅದು ಸರಿ ಎಂದು ಮನಸ್ಸು ತಾನಾಗಿಯೇ ಒಪ್ಪಿಬಿಡುತ್ತದೆ. ಪದೇ ಪದೇ ಎದುರಾಗುವ ಆಯ್ಕೆಗಳು ಇಲ್ಲಿವೆ.

ಐಡಹೊ ಫಾಲ್ಸ್‌ನಿಂದ ಜಾಕ್ಸನ್‌ಗೆ ಹೋಗುವಾಗ ಫೋನು ವಿಕ್ಟರ್ ಊರಿನ ಮೂಲಕ ಟೀಟನ್ ಪಾಸ್ ಹತ್ತಿಸುತ್ತದೆ. ಅಲ್ಲಿ ಎರಡೂ ಬದಿ ಶೇ 10ರ ಇಳಿಜಾರು. ಅದರ ಬದಲು ಸ್ವಾನ್ ವ್ಯಾಲಿಯಲ್ಲಿ ಎಡಕ್ಕೆ ತಿರುಗದೆ ಯುಎಸ್ 26ರಲ್ಲೇ ಮುಂದುವರಿದು, ಆಲ್ಪೈನ್, ಹೋಬ್ಯಾಕ್ ಜಂಕ್ಷನ್ ಮೂಲಕ ಸ್ನೇಕ್ ನದಿಯ ಪಕ್ಕದಲ್ಲೇ ಜಾಕ್ಸನ್ ಸೇರಿ. ದೂರ ಸ್ವಲ್ಪ ಜಾಸ್ತಿ, ಪಾಸ್ ಹತ್ತುವುದೇ ತಪ್ಪುತ್ತದೆ.

ಷಿಕಾಗೊ, ಮಿನಿಯಾಪೊಲಿಸ್ ಕಡೆಯಿಂದ ಯೆಲ್ಲೋಸ್ಟೋನ್‌ಗೆ ಬರುವವರು ವ್ಯೋಮಿಂಗ್‌ನ ಬಿಗ್‌ಹಾರ್ನ್ ಬೆಟ್ಟ ದಾಟಬೇಕು. ಮೂರು ದಾರಿಗಳಿವೆ: ಯುಎಸ್ 14ಎ, ಯುಎಸ್ 14, ಯುಎಸ್ 16. 14ಎಯಲ್ಲಿ ಲವೆಲ್ ಕಡೆ ಶೇ 10ರ ಉದ್ದ ಇಳಿಜಾರು ಇದೆ. ನಕ್ಷೆಯಲ್ಲಿ ನೇರವಾಗಿ ಕಾಣುತ್ತದೆ ಎಂದು ಅದನ್ನು ಹಿಡಿಯಬೇಡಿ. ಬಫಲೊದಿಂದ ಟೆನ್ ಸ್ಲೀಪ್‌ಗೆ ಹೋಗುವ ಯುಎಸ್ 16 ಮೂರರಲ್ಲಿ ಮೃದುವಾದದ್ದು. 9,666 ಅಡಿಯ ಪೌಡರ್ ರಿವರ್ ಪಾಸ್ ಎತ್ತರದಲ್ಲಿದ್ದರೂ ಏರಿಳಿತ ಹದವಾಗಿದೆ. ಎತ್ತರ ಜಾಸ್ತಿ ಇದ್ದ ಮಾತ್ರಕ್ಕೆ ದಾರಿ ಕೆಟ್ಟದ್ದಲ್ಲ ಎಂಬುದಕ್ಕೆ ಇದೇ ಒಳ್ಳೆಯ ಉದಾಹರಣೆ.

ಬೇ ಏರಿಯಾದಿಂದ ಯೊಸೆಮಿಟಿಗೆ ಹೋಗುವವರು ಹೆದ್ದಾರಿ 120ರಲ್ಲಿ ಗ್ರೋವ್‌ಲ್ಯಾಂಡ್‌ಗೆ ಮೊದಲು ಪ್ರೀಸ್ಟ್ ಗ್ರೇಡ್ ಹತ್ತಬೇಕು. ಅಲ್ಲಿ ಓಲ್ಡ್ ಪ್ರೀಸ್ಟ್ ಗ್ರೇಡ್ ಎಂಬ ಸುಮಾರು 2 ಮೈಲಿಯ ಅಡ್ಡದಾರಿ ಇದೆ. ಇಳಿಜಾರು ಶೇ 15ಕ್ಕೂ ಹೆಚ್ಚು. ಹತ್ತಿರ ಎಂದು ಫೋನು ಅಲ್ಲಿಗೇ ಕಳಿಸಬಹುದು. ಆರ್‌ವಿಯಲ್ಲಿ ಯಾವ ಕಾರಣಕ್ಕೂ ಅದನ್ನು ಹಿಡಿಯಬೇಡಿ, ಇಳಿಯುವಾಗಂತೂ ಬೇಡವೇ ಬೇಡ. ನನ್ನ ಸಲಹೆ ಮರ್ಸೆಡ್, ಮರಿಪೋಸಾ ಮೂಲಕ ಹೋಗುವ ಹೆದ್ದಾರಿ 140. ಮರಿಪೋಸಾ ದಾಟಿದ ಮೇಲೆ ಬಹುಪಾಲು ನದಿಯ ಪಕ್ಕದ ದಾರಿ, ಏರೂ ಕಡಿಮೆ. ಸೆಕ್ವೋಯಾಕ್ಕೂ ಹೀಗೆಯೇ: ಹೆದ್ದಾರಿ 198 ಬಿಟ್ಟು ಫ್ರೆಸ್ನೊದಿಂದ 180 ಹಿಡಿಯಿರಿ.

ಕೊಲರಾಡೊದ ಊರೇ (Ouray) ಪಟ್ಟಣದಿಂದ ಸಿಲ್ವರ್‌ಟನ್‌ಗೆ ಹೋಗುವ ಯುಎಸ್ 550, ಅದೇ ಮಿಲಿಯನ್ ಡಾಲರ್ ಹೈವೇ, ಬಹಳ ಕಡೆ ತಡೆಗೋಡೆಯೇ ಇಲ್ಲದ ರಸ್ತೆ. ರೆಡ್ ಮೌಂಟನ್ ಪಾಸ್ 11,018 ಅಡಿ. ಮೊದಲ ಸಲ ಆರ್‌ವಿ ಓಡಿಸುವವರು ಕೋರ್ಟೆಜ್, ಡೊಲೋರೆಸ್ ಕಡೆಯಿಂದ ಹೆದ್ದಾರಿ 145ರಲ್ಲಿ ಲಿಜರ್ಡ್ ಹೆಡ್ ಪಾಸ್ ಮೂಲಕ ಹೋಗಲಿ. ಅದೂ 10,000 ಅಡಿ ದಾಟುತ್ತದೆ, ಆದರೆ ತಪ್ಪಿಗೆ ಸ್ವಲ್ಪ ಜಾಗ ಕೊಡುವ ರಸ್ತೆ.

ಹೋಲಿಸಿ ಆದ ಮೇಲೆ ಕಷ್ಟದ ತುಣುಕನ್ನು ಸ್ಟ್ರೀಟ್ ವ್ಯೂನಲ್ಲಿ ನಿಧಾನವಾಗಿ ನೋಡಿ. ನಡುಗೆರೆ ಇದೆಯೇ, ಬಿಳಿ ಗೆರೆಯ ಆಚೆ ಎಷ್ಟು ಜಾಗ, ಬಂಡೆ ಅಥವಾ ಮರದ ಕೊಂಬೆ ರಸ್ತೆಯ ಮೇಲೆ ಚಾಚಿದೆಯೇ, ಎದುರಿಗೆ ಇನ್ನೊಂದು ಆರ್‌ವಿ ಬಂದರೆ ಎರಡೂ ಹಿಡಿಸುತ್ತವೆಯೇ. ಇದಕ್ಕೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ.

ಹಂತ 6: ಯಾವ ದಿಕ್ಕಿನಿಂದ ಹೋಗುತ್ತೀರಿ?

ಅಮೆರಿಕದಲ್ಲಿ ಬಲಕ್ಕೆ ಓಡಿಸುವುದರಿಂದ ಒಂದೇ ರಸ್ತೆ ಒಂದು ದಿಕ್ಕಿನಲ್ಲಿ ಬೆಟ್ಟದ ಮಗ್ಗುಲಿಗೂ ಇನ್ನೊಂದು ದಿಕ್ಕಿನಲ್ಲಿ ಪ್ರಪಾತದ ಅಂಚಿಗೂ ನಿಮ್ಮನ್ನು ಇಡುತ್ತದೆ. ಯುಎಸ್ 550ರಲ್ಲಿ ದಕ್ಷಿಣಕ್ಕೆ ಹೋದರೆ ಅಂಚು ನಿಮ್ಮ ಕಡೆ. ಸಿಲ್ವರ್‌ಟನ್‌ನಿಂದ ಉತ್ತರಕ್ಕೆ ಬಂದರೆ ಒಳಮಗ್ಗುಲು ನಿಮ್ಮದು. ನಮ್ಮ ಆಗುಂಬೆ, ಚಾರ್ಮಾಡಿಯಲ್ಲಿ ಎಡಕ್ಕೆ ಓಡಿಸಿ ಅಭ್ಯಾಸ ಇರುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ. ನಕ್ಷೆಯ ಮೇಲೆ ಬೆರಳಿಟ್ಟು ನೋಡಿಯೇ ತೀರ್ಮಾನಿಸಿ. ಸುತ್ತು ಪ್ರವಾಸವಾದರೆ, ಕಡಿದಾದ ಬದಿಯನ್ನು ಹತ್ತಿ ಮೃದುವಾದ ಬದಿಯನ್ನು ಇಳಿಯುವ ಹಾಗೆ ಸುತ್ತಿನ ದಿಕ್ಕು ಬದಲಿಸಿ.

ಹಂತ 7: ತಿಂಗಳು, ಹೊತ್ತು, ಗಾಳಿ

ಟಿಯೋಗಾ, ಇಂಡಿಪೆಂಡೆನ್ಸ್, ಬೇರ್‌ಟೂತ್ ಪಾಸ್‌ಗಳು ಚಳಿಗಾಲದುದ್ದಕ್ಕೂ ಮುಚ್ಚಿರುತ್ತವೆ. ಮೇ ಕೊನೆ, ಜೂನ್ ಮೊದಲ ವಾರ ಹೋಗುವವರು ತೆರೆದಿದೆಯೇ ಎಂದು ನೋಡದೆ ಹೋಟೆಲ್, ಕ್ಯಾಂಪ್‌ಗ್ರೌಂಡ್ ಕಾದಿರಿಸಬೇಡಿ. ಹೊರಡುವ ಬೆಳಗ್ಗೆ ಆಯಾ ರಾಜ್ಯದ ರಸ್ತೆ ಇಲಾಖೆಯ ಪುಟ ನೋಡಿ ಅಥವಾ ರಸ್ತೆ ಮಾಹಿತಿ ಕೊಡುವ 511ಕ್ಕೆ ಕರೆ ಮಾಡಿ. ಕ್ಯಾಲಿಫೋರ್ನಿಯಾಕ್ಕೆ ಕ್ವಿಕ್‌ಮ್ಯಾಪ್, ಕೊಲರಾಡೊಗೆ ಸಿಒ-ಟ್ರಿಪ್ ಇವೆ.

ಜುಲೈ, ಆಗಸ್ಟ್‌ನಲ್ಲಿ ರಾಕಿ ಬೆಟ್ಟಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಎತ್ತರದ ಪಾಸ್‌ಗಳನ್ನು ಮಧ್ಯಾಹ್ನದೊಳಗೆ ದಾಟಿ ಇಳಿಯುವ ಹಾಗೆ ಹೊರಡಿ. ಕತ್ತಲಾದ ಮೇಲೆ ಬೇಡ.

ಗಾಳಿಯನ್ನು ಜನ ಮರೆಯುತ್ತಾರೆ. ಆರ್‌ವಿಯ ಪಕ್ಕೆ ದೊಡ್ಡ ಗೋಡೆ ಇದ್ದ ಹಾಗೆ. ವ್ಯೋಮಿಂಗ್‌ನ ಐ-80ರಲ್ಲಿ ಲ್ಯಾರಮಿ ಮತ್ತು ರಾಲಿನ್ಸ್ ನಡುವೆ, ಎತ್ತರದ ಹಗುರ ವಾಹನಗಳಿಗೆ ಮಾತ್ರ ರಸ್ತೆ ಮುಚ್ಚುವುದುಂಟು. ಕಾರುಗಳು ಹೋಗುತ್ತಿರುತ್ತವೆ, ನಿಮಗೆ ಪ್ರವೇಶವಿರುವುದಿಲ್ಲ. ಮೊಂಟಾನಾದ ಲಿವಿಂಗ್‌ಸ್ಟನ್ ಬಳಿಯ ಐ-90ರಲ್ಲೂ ಇದೇ ಕಥೆ. ಹಾಗಾದಾಗ ಅಲ್ಲೇ ಉಳಿದುಕೊಳ್ಳಲು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ವಯಸ್ಸಾದ ತಂದೆ ತಾಯಿ ಜೊತೆಗಿದ್ದರೆ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸುಮಾರು 3,000 ಅಡಿಯಲ್ಲಿದೆ. ಕೊಲರಾಡೊದ ಪಾಸ್‌ಗಳು 11,000-12,000 ಅಡಿ. ತಲೆನೋವು, ಏದುಸಿರು, ವಾಕರಿಕೆ ಬರಬಹುದು. ರಾತ್ರಿ ಮಲಗುವ ಜಾಗ ಆದಷ್ಟು ಕೆಳಗಿರಲಿ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ಮೊದಲೇ ವೈದ್ಯರನ್ನು ಕೇಳಿ ಹೊರಡಲಿ.

ಹಂತ 8: ಹಿಂದೆ ತಿರುಗುವ ಜಾಗ ಗುರುತಿಸಿ

ಪ್ರತಿ ಪಾಸ್‌ಗೆ ಮೊದಲು ನಿಮ್ಮ ಗಾಡಿ ಪೂರ್ತಿ ಸುತ್ತಿ ತಿರುಗಬಲ್ಲ ಕೊನೆಯ ಜಾಗ ಎಲ್ಲಿದೆ ಎಂದು ಉಪಗ್ರಹ ಚಿತ್ರದಲ್ಲಿ ಹುಡುಕಿ. ಟ್ರಕ್‌ಗಳು ಚಕ್ರಕ್ಕೆ ಸರಪಳಿ ಕಟ್ಟಲು ನಿಲ್ಲುವ ಅಗಲ ಜಾಗ, ದೊಡ್ಡ ಪಾರ್ಕಿಂಗ್, ಊರಿನ ಕೊನೆಯ ಪೆಟ್ರೋಲ್ ಬಂಕು. ಅದರ ಮೈಲಿ ಸಂಖ್ಯೆ ಬರೆದಿಡಿ. ಅಲ್ಲಿ ನಿಲ್ಲಿಸಿ ಹವಾಮಾನ, ಗಾಡಿ, ಚಾಲಕರ ದಣಿವು ಮೂರನ್ನೂ ನೋಡಿ. ಒಂದರಲ್ಲಿ ಅನುಮಾನ ಬಂದರೂ ಎರಡನೇ ದಾರಿ ಹಿಡಿಯಿರಿ. ಹಿಂದೆ ಕಾರು ಎಳೆದುಕೊಂಡು ಹೋಗುವವರಿಗೆ ಇದು ಇನ್ನೂ ಮುಖ್ಯ. ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯುವ ಕಾರಿನ ಜೊತೆ ರಿವರ್ಸ್ ಹೋಗಲಾಗುವುದಿಲ್ಲ, ಮೊದಲು ಕಾರನ್ನು ಬಿಚ್ಚಬೇಕು.

ಪೆಟ್ರೋಲನ್ನು ಬೆಟ್ಟದ ಬುಡದಲ್ಲೇ ತುಂಬಿಸಿ. ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮೊದಲು, ಟೈರು ತಣ್ಣಗಿರುವಾಗಲೇ ನೋಡಿ. ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನದ್ದನ್ನೂ ಬಿಡಬೇಡಿ.

ಹಂತ 9: ಇಳಿಯುವ ಕ್ರಮ

ಸರಿಯಾದ ದಾರಿ ಆರಿಸಿದರೂ ತಪ್ಪಾಗಿ ಇಳಿಸಿದರೆ ಅಪಾಯವೇ. ಊರಿನಲ್ಲಿ ಕೆಲವರಿಗೆ ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಅಭ್ಯಾಸ ಇರುತ್ತದೆ. ಅದನ್ನು ಇಲ್ಲಿ ಪೂರ್ತಿ ಬಿಡಬೇಕು. ಎಂಜಿನ್ ಗೇರಿನಲ್ಲಿದ್ದರೆ ಮಾತ್ರ ಗಾಡಿಯನ್ನು ತಡೆದು ಹಿಡಿಯುತ್ತದೆ.

ಇಳಿಜಾರು ಶುರುವಾಗುವ ಮೊದಲೇ, ತುದಿಯಲ್ಲಿ, ವೇಗ ತಗ್ಗಿಸಿ. ಭಾರ ಹೊತ್ತಾಗ ಗೇರನ್ನು ಕೆಳಗೇ ಹಿಡಿದಿಡುವ ಟೋ/ಹಾಲ್ ಗುಂಡಿ ಒತ್ತಿ, ಕೆಳಗಿನ ಗೇರಿಗೆ ಬನ್ನಿ. ವೇಗ ಏರಿದ ಮೇಲೆ ಗೇರ್ ಇಳಿಸಲು ಹೋದರೆ ಗಾಡಿ ಒಪ್ಪದಿರಬಹುದು. ನಂತರ ಒಂದು ಸುರಕ್ಷಿತ ವೇಗ ನಿಗದಿ ಮಾಡಿಕೊಳ್ಳಿ, 40 ಎಂದಿಟ್ಟುಕೊಳ್ಳೋಣ. 40 ಮುಟ್ಟಿದಾಗ ಬ್ರೇಕನ್ನು ಗಟ್ಟಿಯಾಗಿ ಸುಮಾರು ಮೂರು ಸೆಕೆಂಡ್ ಒತ್ತಿ 35ಕ್ಕೆ ತನ್ನಿ, ಪೂರ್ತಿ ಬಿಡಿ. ಮತ್ತೆ 40 ಆದಾಗ ಮತ್ತೆ ಹಾಗೆಯೇ. ಅಮೆರಿಕದ ಟ್ರಕ್ ಚಾಲಕರಿಗೆ ಪರವಾನಗಿ ಪಾಠದಲ್ಲಿ ಕಲಿಸುವ ಕ್ರಮ ಇದು. ಸುಮ್ನೆ ಬ್ರೇಕ್ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಬ್ರೇಕಿಗೆ ತಣಿಯಲು ಒಂದು ಕ್ಷಣವೂ ಸಿಗುವುದಿಲ್ಲ.

ಹಿಂದಿನ ಕಾರುಗಳು ಸಾಲುಗಟ್ಟಿದವು ಎಂದು ವೇಗ ಏರಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ಲೇನಿನ ರಸ್ತೆಯಲ್ಲಿ ಹಿಂದೆ ಐದು ವಾಹನ ಸೇರಿದರೆ ಪಕ್ಕದ ಟರ್ನ್‌ಔಟ್‌ಗೆ ಸರಿದು ದಾರಿ ಬಿಡುವುದು ಕಾನೂನು. ಬೇರೆ ಕಡೆಯೂ ಹಾಗೆಯೇ ಮಾಡಿ. ನಿಮಗೂ ಉಸಿರಾಡಲು ಬಿಡುವು ಸಿಗುತ್ತದೆ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಸುಟ್ಟ ವಾಸನೆ. ಚಕ್ರದ ಬಳಿ ಹೊಗೆ. ಬ್ರೇಕ್ ಪೆಡಲ್ ಮೆತ್ತಗಾಗುವುದು ಅಥವಾ ಮೊದಲಿಗಿಂತ ಆಳಕ್ಕೆ ಹೋಗುವುದು. ಅಷ್ಟೇ ಒತ್ತಿದರೂ ಗಾಡಿ ಮೊದಲಿನಷ್ಟು ನಿಧಾನವಾಗದಿರುವುದು. ಇವುಗಳಲ್ಲಿ ಒಂದು ಕಂಡರೂ "ಇನ್ನೇನು ಮುಗಿಯಿತು" ಎಂದುಕೊಳ್ಳದೆ ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ. ಕನಿಷ್ಠ ಅರ್ಧ ಗಂಟೆ ತಣಿಯಲು ಬಿಡಿ. ನೀರು ಸುರಿಯಬೇಡಿ, ಬಿಸಿ ಲೋಹ ಬಿರುಕು ಬಿಡಬಹುದು. ತಣಿದ ಮೇಲೂ ಪೆಡಲ್ ಮೆತ್ತಗಿದ್ದರೆ ಗಾಡಿ ಮುಂದಕ್ಕೆ ಹೊರಡಿಸಬೇಡಿ, ಬಾಡಿಗೆ ಕಂಪನಿಯ ರಸ್ತೆ ಸಹಾಯಕ್ಕೆ ಕರೆ ಮಾಡಿ.

ಹತ್ತುವಾಗ ಎಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಅದು ಏರತೊಡಗಿದರೆ ಒಳಗಿನ ಎ.ಸಿ. ಆರಿಸಿ, ಹೀಟರ್ ಹಾಕಿ, ವೇಗ ತಗ್ಗಿಸಿ. ಆದರೂ ಇಳಿಯದಿದ್ದರೆ ನಿಲ್ಲಿಸಿ.

ಬ್ರೇಕ್ ಪೂರ್ತಿ ಕೈಕೊಟ್ಟರೆ ಟ್ರಕ್ ರ‍್ಯಾಂಪ್ ಬಳಸಿ. ಅದು ಟ್ರಕ್‌ಗೆ ಮಾತ್ರ, ನಮಗಲ್ಲ ಎಂದು ಹಿಂಜರಿಯಬೇಡಿ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ನೇರವಾಗಿ ನಡುವೆಯೇ ನುಗ್ಗಿಸಿ. ಜಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಹೊರತೆಗೆಯಲು ಕ್ರೇನಿನ ಖರ್ಚು ಬರುತ್ತದೆ, ಬರಲಿ.

ತಪ್ಪು ದಾರಿಗೆ ಬಂದಾಗಿದೆ ಎಂದಾದರೆ

ಎಷ್ಟೇ ತಯಾರಿ ಮಾಡಿದರೂ ಒಂದು ತಿರುವು ತಪ್ಪಬಹುದು. ಎತ್ತರದ ಮಿತಿಯ ಫಲಕ ಅಥವಾ ಕಿರಿದಾದ ತಿರುವು ಕಂಡು ಅನುಮಾನ ಬಂದರೆ ಅಲ್ಲೇ ನಿಲ್ಲಿ. ನಾಲ್ಕೂ ಇಂಡಿಕೇಟರ್ ಹಾಕಿ. ಇಬ್ಬರು ಇಳಿದು, ರಸ್ತೆಯ ಅಂಚಿನಲ್ಲೇ ನಡೆದು, ಹಿಂದಿನ ವಾಹನಗಳಿಗೆ ದೂರದಿಂದಲೇ ಎಚ್ಚರಿಕೆ ಕೊಡಿ. ಗಾಡಿಯಲ್ಲಿ ತ್ರಿಕೋನ ಫಲಕ ಇದ್ದರೆ ಇಡಿ. ಮಕ್ಕಳು, ಹಿರಿಯರನ್ನು ರಸ್ತೆಯಿಂದ ದೂರ, ಬೆಟ್ಟದ ಬದಿಗೆ ಕೂರಿಸಿ.

ತಿರುವಿನ ರಸ್ತೆಯಲ್ಲಿ ನೀವೇ ರಿವರ್ಸ್ ತೆಗೆಯಲು ಹೋಗಬೇಡಿ. ಹಿಂದಿನಿಂದ ಬರುವವರಿಗೆ ನೀವು ಕಾಣುವುದಿಲ್ಲ. 911ಕ್ಕೆ ಕರೆ ಮಾಡಿ, ದೊಡ್ಡ ಆರ್‌ವಿ ಸಿಕ್ಕಿಕೊಂಡಿದೆ, ರಸ್ತೆಗೆ ಅಡ್ಡವಾಗಿದೆ ಎಂದು ಹೇಳಿ. ಪಾರ್ಕಿನೊಳಗಿದ್ದರೆ ರೇಂಜರ್‌ಗಳು ಬರುತ್ತಾರೆ. ಎರಡೂ ಕಡೆಯ ವಾಹನಗಳನ್ನು ತಡೆದು ನಿಮ್ಮನ್ನು ಹಿಂದಕ್ಕೆ ಕರೆದೊಯ್ಯುವುದು ಅವರಿಗೆ ಹೊಸ ಕೆಲಸವಲ್ಲ. ಕರೆ ಮಾಡುವಾಗ ರಸ್ತೆಯ ಸಂಖ್ಯೆ, ನೀವು ಹೋಗುತ್ತಿದ್ದ ದಿಕ್ಕು, ಪಕ್ಕದ ಹಸಿರು ಮೈಲಿಗಲ್ಲಿನ ಅಂಕಿ ಮೂರನ್ನೂ ಹೇಳಿ. ಸಿಗ್ನಲ್ ಇಲ್ಲದಿದ್ದರೆ ಕೆಳಗೆ ಹೋಗುತ್ತಿರುವ ಯಾವುದಾದರೂ ಕಾರಿನವರ ಕೈಗೆ ಇದೇ ಮೂರನ್ನು ಚೀಟಿಯಲ್ಲಿ ಬರೆದು ಕೊಡಿ.